ಯುನೆಸ್ಕೊ ಸಹಕಾರದ ಭಾರತೀಯ ರಾಷ್ಟ್ರೀಯ ಆಯೋಗ

ಶಿಕ್ಷಣ, ವಿಜ್ಞಾನ, ಸಂಸ್ಕೃತಿ ಮತ್ತು ಸಂವಹನ ಕ್ಷೇತ್ರಗಳಲ್ಲಿ ಯುನೆಸ್ಕೊ ಹಾಗೂ ಭಾರತ ಸರ್ಕಾರದ ನಡುವಿನ ಸಂಪರ್ಕ ಸಂಸ್ಥೆ. ಯುನೆಸ್ಕೊ ಸಂವಿಧಾನದ 7ನೆಯ ವಿಧಿ ಇಂಥ ರಾಷ್ಟ್ರೀಯ ಮಂಡಳಿಗಳಿಗೆ ಆಧಾರ. ಭಾರತದಲ್ಲಿ 1949ರಲ್ಲಿ ತಾತ್ಕಾಲಿಕವಾಗಿ, 1951ರಲ್ಲಿ ಕಾಯಂ ಆಗಿ ಸ್ಥಾಪನೆಗೊಂಡ ಇದು ಕೇಂದ್ರ ಶಿಕ್ಷಣ ಸಚಿವಾಲಯದಡಿ ಕೆಲಸ ಮಾಡುತ್ತದೆ. ಸಲಹೆ ನೀಡುವುದು, ಸಮನ್ವಯ ಸಾಧಿಸುವುದು ಇದರ ಪಾತ್ರ. ಯುನೆಸ್ಕೊದೊಂದಿಗೆ ಭಾರತದ ನಂಟು ಹಳೆಯದು. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ಎಸ್. ರಾಧಾಕೃಷ್ಣನ್ ಯುನೆಸ್ಕೊ ಕಾರ್ಯಕಾರಿ ಮಂಡಳಿಯ ಅಧ್ಯಕ್ಷರಾಗಿದ್ದರು. ಯುನೆಸ್ಕೊದ 1956ರ ಮಹಾಧಿವೇಶನ ನವದೆಹಲಿಯಲ್ಲಿ ನಡೆಯಿತು.

ಕನ್ನಡಿಗರಿಗೆ ಯುನೆಸ್ಕೊ ಎಂದರೆ ಮೊದಲು ನೆನಪಾಗುವುದು ವಿಶ್ವ ಪರಂಪರೆಯ ಪಟ್ಟಿಯೇ. ಆದರೆ ಭಾರತದಲ್ಲಿ ಆ ಪಟ್ಟಿಯ ಹೊಣೆ ಮುಖ್ಯವಾಗಿ ಈ ಆಯೋಗದ್ದಲ್ಲ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು. ಪಟ್ಟಿಗೆ ಆಧಾರವಾದ 1972ರ ವಿಶ್ವ ಪರಂಪರಾ ಒಡಂಬಡಿಕೆಯನ್ನು ಭಾರತ 1977ರಲ್ಲಿ ಅನುಮೋದಿಸಿತು. 1986ರಲ್ಲಿ ಹಂಪಿ, ಮರುವರ್ಷ ಪಟ್ಟದಕಲ್ಲು, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಪಟ್ಟಿ ಸೇರಿದವು. ಇವುಗಳಲ್ಲಿ ಪಟ್ಟದಕಲ್ಲು ಮಲಪ್ರಭೆಯ ದಂಡೆಯ ಮೇಲಿದೆ. ನಾಗರ, ದ್ರಾವಿಡ ದೇವಾಲಯ ಶೈಲಿಗಳೆರಡೂ ಒಂದೇ ಅಂಗಳದಲ್ಲಿ ನಿಂತಿರುವುದೇ ಅದರ ಹೆಗ್ಗಳಿಕೆ. ಅಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ.

ಪಟ್ಟಿಗೆ ಸೇರಿದರೆ ಬರಿಯ ಗೌರವವಲ್ಲ, ಕಟ್ಟುಪಾಡೂ ಬರುತ್ತದೆ. ತೂಗು ಸೇತುವೆಗಳ ನಿರ್ಮಾಣದಿಂದಾಗಿ 1999ರಲ್ಲಿ ಹಂಪಿ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೆ ಸೇರಿತು. ನದಿ ದಾಟಲು ತೆಪ್ಪವನ್ನೇ ನಂಬಿದ್ದ, ಹಂಪಿಯ ಆಚೆ ದಡದ ಆನೆಗೊಂದಿಯ ಜನರಿಗೆ ಸೇತುವೆ ನಿಜವಾದ ಅಗತ್ಯವಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಅರೆಬರೆಯಾಗಿ ನಿಂತಿದ್ದ ಆನೆಗೊಂದಿಯ ಸೇತುವೆ 2009ರಲ್ಲಿ ಕುಸಿಯಿತು.