ಟರ್ನಾಟೆಯಿಂದ ಬಂದ ಕಾಗದ

ಲೋಕದಲ್ಲಿ ಹೊಸ ವಿಚಾರವೊಂದು ಹುಟ್ಟಿದಾಗ ಅದು ಯಾರದು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಹುಟ್ಟುತ್ತದೆ. ವಿದ್ವಾಂಸರ ಎಷ್ಟೋ ಕಲಹಗಳಿಗೆ ಈ ಪ್ರಶ್ನೆಯೇ ಮೂಲ. ಜೀವವಿಕಾಸವಾದದ ಚರಿತ್ರೆಯಲ್ಲಿಯೂ ಅಂತಹದೊಂದು ಗಳಿಗೆ ಬಂದಿತ್ತು; ಆದರೆ ಅಲ್ಲಿ ಕಲಹವಾಗಲಿಲ್ಲ. ಏಕಾಗಲಿಲ್ಲ ಎಂಬುದು ತಿಳಿಯತಕ್ಕ ಕಥೆ.

೧೮೫೮ನೆಯ ಇಸವಿ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಡೌನ್ ಎಂಬ ಹಳ್ಳಿಯಲ್ಲಿದ್ದ ಚಾರ್ಲ್ಸ್ ಡಾರ್ವಿನ್ನನಿಗೆ ಅಂಚೆಯಲ್ಲಿ ಒಂದು ಲಕ್ಕೋಟೆ ಬಂದಿತು. ಅದು ಈಗಿನ ಇಂಡೊನೇಷ್ಯಕ್ಕೆ ಸೇರಿದ ಟರ್ನಾಟೆ ಎಂಬ ಪುಟ್ಟ ದ್ವೀಪದಿಂದ ಹೊರಟದ್ದು. ಬರೆದವನು ಆಲ್‌ಫ್ರೆಡ್ ರಸೆಲ್ ವಾಲೇಸ್. ಒಳಗೆ ಒಂದು ಸಣ್ಣ ಪ್ರಬಂಧ. ಯೋಗ್ಯವೆಂದು ತೋರಿದರೆ ಭೂವಿಜ್ಞಾನಿ ಲಯೆಲ್ಲನಿಗೂ ತೋರಿಸಬೇಕೆಂಬ ಬಿನ್ನಹ. ಡಾರ್ವಿನ್ನನು ಓದಿ ದಂಗಾದನು. ಇಪ್ಪತ್ತು ವರ್ಷಗಳಿಂದ ತಾನು ಗುಟ್ಟಾಗಿ ಬೆಳೆಸಿಕೊಂಡು ಬಂದ ವಿಚಾರವೇ ಇನ್ನೊಬ್ಬನ ಅಕ್ಷರದಲ್ಲಿ ಕಣ್ಣೆದುರಿಗೆ ನಿಂತಿತ್ತು.

ಇಬ್ಬರಿಗೂ ಅಜಗಜಾಂತರ. ಡಾರ್ವಿನ್ನನು ಸಿರಿವಂತರ ಮನೆಯ ಮಗ, ಕೇಂಬ್ರಿಜ್ಜಿನಲ್ಲಿ ಓದಿದವನು. ವಾಲೇಸನು ಹದಿನಾಲ್ಕರ ಸುಮಾರಿನಲ್ಲಿಯೇ ಶಾಲೆ ಬಿಟ್ಟು, ಭೂಮಾಪನದ ಕೆಲಸ ಕಲಿತು, ಬಳಿಕ ಚಿಟ್ಟೆ, ದುಂಬಿ, ಹಕ್ಕಿಗಳನ್ನು ಹಿಡಿದು ಮಾರಿ ಹೊಟ್ಟೆ ಹೊರೆದವನು. ೧೮೫೨ರಲ್ಲಿ ಅಮೆಜಾನ್ ಸೀಮೆಯಿಂದ ಮರಳುವಾಗ ನಡುಗಡಲಲ್ಲಿ ಹಡಗಿಗೆ ಬೆಂಕಿ ಬಿದ್ದು, ಅವನ ಸಂಗ್ರಹದ ಬಹುಭಾಗ ಸುಟ್ಟುಹೋಯಿತು. ಆದರೂ ಎದೆಗುಂದದೆ ೧೮೫೪ರಲ್ಲಿ ಮಲಯ ದ್ವೀಪಗಳಿಗೆ ಹೊರಟನು. ಅಲ್ಲಿಯೇ, ೧೮೫೮ರ ಆರಂಭದಲ್ಲಿ, ಚಳಿಜ್ವರದಿಂದ ನಡುಗುತ್ತ ಮಲಗಿದ್ದಾಗ ಅವನಿಗೆ ಈ ವಿಚಾರ ಹೊಳೆಯಿತು.

ಹೊಳೆದದ್ದಾದರೂ ಏನು? ಜೀವಿಗಳು ಬದುಕಬಲ್ಲವುಗಳಿಗಿಂತ ಎಷ್ಟೋ ಹೆಚ್ಚು ಮರಿಗಳನ್ನು ಹುಟ್ಟಿಸುತ್ತವೆ. ನಿಧಾನವಾಗಿ ಸಂತಾನ ಪಡೆಯುವ ಆನೆಯಾದರೂ ಸರಿಯೆ, ತಡೆಯಿಲ್ಲದೆ ಬೆಳೆದರೆ ಕೆಲವು ಸಾವಿರ ವರ್ಷಗಳಲ್ಲಿ ಭೂಮಿಯ ಮೇಲೆ ಕಾಲೂರಲು ಎಡೆಯಿರದು. ಹಾಗಾಗುವುದಿಲ್ಲವೆಂದರೆ ಬಹುಮಂದಿ ಸಾಯುತ್ತಿರಬೇಕು. ಸಾಯುವವು ಯಾವುವು, ಉಳಿಯುವವು ಯಾವುವು? ಒಂದೇ ತಾಯಿಯ ಮರಿಗಳಲ್ಲಿಯೂ ಒಂದರಂತೆ ಇನ್ನೊಂದಿಲ್ಲ. ತನ್ನ ನೆಲೆಗೆ ಒಪ್ಪುವ ಸಣ್ಣದೊಂದು ಅನುಕೂಲವಿದ್ದ ಮರಿ ಉಳಿಯುವ ಸಂಭವ ಹೆಚ್ಚು. ಉಳಿದರೆ ಆ ಗುಣ ಅದರ ಸಂತತಿಗೂ ಸಾಗುತ್ತದೆ. ಹೀಗೆ ತಲೆಮಾರುಗಳು ಸಂದಂತೆ ಜೀವಜಾತಿಯೇ ಮಾರ್ಪಡುತ್ತದೆ. ಇದೇ ನಿಸರ್ಗದ ಆಯ್ಕೆ. ಜನಸಂಖ್ಯೆಯನ್ನು ಕುರಿತು ಮಾಲ್ತಸನು ೧೭೯೮ರಲ್ಲಿ ಬರೆದ ಗ್ರಂಥವೇ ಇಬ್ಬರಿಗೂ ದಾರಿ ತೋರಿತ್ತು.

ವಾಲೇಸನು ತನ್ನ ಪ್ರಬಂಧದಲ್ಲಿ ಜಿರಾಫೆಯ ನಿದರ್ಶನ ಕೊಟ್ಟನು. ಎತ್ತರದ ಎಲೆಗೆ ಆಸೆಪಟ್ಟು ಕತ್ತು ಚಾಚಿ ಚಾಚಿ ಅದು ನೀಳವಾಯಿತೆಂಬುದು ಸಲ್ಲದು. ಹುಟ್ಟಿನಿಂದಲೇ ತುಸು ಉದ್ದ ಕತ್ತಿದ್ದವಕ್ಕೆ ಬರಗಾಲದಲ್ಲಿಯೂ ಮೇವು ಸಿಕ್ಕಿತು, ಅವು ಬದುಕಿದವು. ಇಷ್ಟೆ. ಗುಣವು ತಲೆಮಾರಿನಿಂದ ತಲೆಮಾರಿಗೆ ಸಾಗುವ ಬಗೆ ಮಾತ್ರ ಇಬ್ಬರಿಗೂ ತಿಳಿಯಲಿಲ್ಲ. ಅದರ ನಿಯಮಗಳನ್ನು ತಿಳಿಸಿದ ಮೆಂಡೆಲನ ಲೇಖನ ೧೮೬೬ರಲ್ಲಿ ಅಚ್ಚಾದರೂ ೧೯೦೦ರವರೆಗೆ ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ಮತ್ತೆ ಡೌನ್ ಹಳ್ಳಿಗೆ ಬರೋಣ. ಡಾರ್ವಿನ್ನನು ೧೮೪೪ರಲ್ಲಿಯೇ ತನ್ನ ವಾದವನ್ನು ದೀರ್ಘವಾಗಿ ಬರೆದಿಟ್ಟಿದ್ದನು, ಅಚ್ಚು ಮಾಡಿಸಿರಲಿಲ್ಲ. ಈಗ ಅವಸರದಿಂದ ಪ್ರಕಟಿಸಿದರೆ ಹೀನತನ. ಸುಮ್ಮನಿದ್ದರೆ ಇಪ್ಪತ್ತು ವರ್ಷದ ದುಡಿಮೆ ಮಣ್ಣುಪಾಲು. ಹೀನನೆನಿಸಿಕೊಳ್ಳುವುದಕ್ಕಿಂತ ತನ್ನ ಗ್ರಂಥವನ್ನೇ ಸುಟ್ಟುಬಿಟ್ಟೇನೆಂದು ಅವನು ಲಯೆಲ್ಲನಿಗೆ ಬರೆದನು. ವಾಲೇಸನ ಕಾಗದವನ್ನು ಮುಚ್ಚಿಡಲಿಲ್ಲ. ಅದೇ ದಿನಗಳಲ್ಲಿ ಅವನ ಎಳೆಯ ಮಗುವೊಂದು ಜ್ವರದಿಂದ ತೀರಿಕೊಂಡಿತು. ಲಯೆಲ್ ಮತ್ತು ಸಸ್ಯವಿಜ್ಞಾನಿ ಹೂಕರ್ ಭಾರ ಹೊತ್ತು, ಜುಲೈ ೧ರಂದು ಲಂಡನ್ನಿನ ಲಿನ್ನಿಯನ್ ಸಭೆಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿಸಿದರು. ಬರೆದವರಿಬ್ಬರೂ ಅಲ್ಲಿರಲಿಲ್ಲ. ಆ ವರ್ಷ ವಿಜ್ಞಾನದಲ್ಲಿ ಕ್ರಾಂತಿಕಾರಕ ಶೋಧವಾವುದೂ ಆಗಲಿಲ್ಲವೆಂದು ಸಭೆಯ ಅಧ್ಯಕ್ಷನು ಮುಂದೆ ಹೇಳಿದ್ದು ಒಂದು ವಿನೋದ!

ವಾಲೇಸನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಹಡಗಿನ ಅಂಚೆಯಲ್ಲಿ ಉತ್ತರ ಬರಲು ತಿಂಗಳುಗಳೇ ಬೇಕಾಗಿದ್ದವು, ನಿಜ. ಆದರೂ ಅದನ್ನು ಪೂರ್ಣ ನ್ಯಾಯವೆನ್ನಲು ಮನಸ್ಸು ಒಪ್ಪದು. ಕೇಳದಿದ್ದವನು ಮಾತ್ರ ಗೊಣಗಲಿಲ್ಲ. ತನ್ನ ಮಲಯ ಪ್ರವಾಸದ ಗ್ರಂಥವನ್ನು ೧೮೬೯ರಲ್ಲಿ ಡಾರ್ವಿನ್ನನಿಗೇ ಅರ್ಪಿಸಿದನು. ೧೮೮೯ರಲ್ಲಿ ಈ ವಾದವನ್ನು ಕುರಿತ ಗ್ರಂಥಕ್ಕೆ ‘ಡಾರ್ವಿನಿಸಂ’ ಎಂದೇ ಹೆಸರಿಟ್ಟನು. ಮನುಷ್ಯನ ಬುದ್ಧಿಯ ಹುಟ್ಟಿನ ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯ ಬಂದರೂ ಸ್ನೇಹ ಕೆಡಲಿಲ್ಲ. ಹಣಕ್ಕೆ ಕಷ್ಟಪಡುತ್ತಿದ್ದ ವಾಲೇಸನಿಗೆ ೧೮೮೧ರಲ್ಲಿ ವರ್ಷಕ್ಕೆ ೨೦೦ ಪೌಂಡು ಸರಕಾರಿ ವೇತನ ದೊರೆತದ್ದು ಡಾರ್ವಿನ್ನನ ಪ್ರಯತ್ನದಿಂದ. ಮರುವರ್ಷ ಡಾರ್ವಿನ್ನನ ಶವಪೆಟ್ಟಿಗೆಯ ಪಕ್ಕದಲ್ಲಿ ನಡೆದ ಗಣ್ಯರಲ್ಲಿ ವಾಲೇಸನೂ ಒಬ್ಬನು.

ಸ್ಪೆನ್ಸರನು ೧೮೬೪ರಲ್ಲಿ ಟಂಕಿಸಿದ ‘ಯೋಗ್ಯತಮರ ಉಳಿವು’ ಎಂಬ ನುಡಿಯನ್ನು ಡಾರ್ವಿನ್ನನಿಗೆ ಸೂಚಿಸಿದವನೂ ವಾಲೇಸನೇ. ‘ಆಯ್ಕೆ’ ಎಂದರೆ ಯಾರೋ ಕುಳಿತು ಆರಿಸುವರೆಂದು ಜನ ತಪ್ಪು ತಿಳಿದಾರೆಂಬುದು ಅವನ ಅಳುಕು. ವಿಧಿಯಾಟ ನೋಡಿ, ಹೊಸ ನುಡಿ ಇನ್ನೂ ದೊಡ್ಡ ತಪ್ಪಿಗೆ ಎಡೆಮಾಡಿತು. ಯೋಗ್ಯನೆಂದರೆ ಬಲಿಷ್ಠನೆಂದು ಬಗೆದು, ಬಡವರನ್ನು ತುಳಿಯುವುದಕ್ಕೂ ಪರದೇಶಗಳನ್ನು ನುಂಗುವುದಕ್ಕೂ ಅದನ್ನೇ ಸಮರ್ಥನೆ ಮಾಡಿಕೊಂಡವರುಂಟು. ನಿಸರ್ಗದಲ್ಲಿ ಯೋಗ್ಯತೆಯೆಂದರೆ ತನ್ನ ನೆಲೆಗೆ ಒಗ್ಗುವುದು, ಸಂತತಿಯನ್ನು ಉಳಿಸುವುದು; ಅಷ್ಟೆ. ಅದು ನಡೆಯುವ ರೀತಿಯೇ ಹೊರತು ನಾವು ನಡೆಯಬೇಕಾದ ನೀತಿಯಲ್ಲ. ಜೀವನದ ಹೋರಾಟದ ನಿಯಮವನ್ನು ಕಂಡುಹಿಡಿದ ಇಬ್ಬರು ತಮ್ಮತಮ್ಮಲ್ಲಿ ಹೋರಾಡದೆ ಉಳಿದರೆಂಬುದನ್ನು ನೆನೆದರೆ ಈ ಮಾತಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.