ಹಳೆಯ ಟ್ರಕ್‌ಗೆ ಪಾಯಿಂಟ್ ಇರಲೋ, ಎಲೆಕ್ಟ್ರಾನಿಕ್ ಇಗ್ನಿಷನ್ ಬೇಕೋ?

ಫೋರ್ಡ್ ಎಫ್-100, ಷೆವರ್ಲೆ ಸಿ-10ನಂತಹ ಅಮೆರಿಕದ ಹಳೆಯ ಪೆಟ್ರೋಲ್ ಪಿಕಪ್ ಟ್ರಕ್‌ಗಳನ್ನು ಇಂದಿಗೂ ಓಡಿಸುವವರಿದ್ದಾರೆ. ಅವರ ನಡುವೆ ಮುಗಿಯದ ಒಂದು ವಾದವಿದೆ: ಡಿಸ್ಟ್ರಿಬ್ಯೂಟರ್‌ನಲ್ಲಿ ಹಳೆಯ ಪಾಯಿಂಟ್ ಸೆಟ್ಟನ್ನೇ ಉಳಿಸಿಕೊಳ್ಳಬೇಕೇ, ಅಥವಾ ಎಲೆಕ್ಟ್ರಾನಿಕ್ ಕಿಟ್ ಹಾಕಿಸಬೇಕೇ? ನಮ್ಮ ಲಾರಿಗಳಿಗೆ ಈ ಪ್ರಶ್ನೆ ಬರುವುದಿಲ್ಲ, ಏಕೆಂದರೆ ಡೀಸೆಲ್ ಎಂಜಿನ್‌ಗೆ ಕಿಡಿಯೇ ಬೇಕಿಲ್ಲ. ಆದರೆ ಹಳೆಯ ಪೆಟ್ರೋಲ್ ಜೀಪ್, ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ತಮ್ಮದೇ ಪ್ರಶ್ನೆ.

ಪಾಯಿಂಟ್ ಮಾಡುವ ಕೆಲಸವೇನು?

ಬ್ಯಾಟರಿಯ 12 ವೋಲ್ಟ್‌ನಿಂದ ಪ್ಲಗ್‌ನಲ್ಲಿ ಕಿಡಿ ಹಾರುವುದಿಲ್ಲ. ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಪಾಯಿಂಟ್‌ಗಳು ಕೂಡಿಕೊಂಡಾಗ ಇಗ್ನಿಷನ್ ಕಾಯಿಲ್‌ನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಕ್ಯಾಮ್ ಪಾಯಿಂಟನ್ನು ತೆರೆದೊಡನೆ ಆ ಕ್ಷೇತ್ರ ಕುಸಿಯುತ್ತದೆ. ಆಗ ಕಾಯಿಲ್‌ನ ಎರಡನೇ ಸುರುಳಿಯಲ್ಲಿ ಹೆಚ್ಚಿನ ವೋಲ್ಟೇಜ್ ಹುಟ್ಟಿ ಪ್ಲಗ್‌ಗೆ ಹೋಗುತ್ತದೆ. ತೆರೆಯುವಾಗ ಪಾಯಿಂಟ್‌ಗಳ ನಡುವೆಯೇ ಕಿಡಿ ಹಾರದಂತೆ ಕಂಡೆನ್ಸರ್ ತಡೆಯುತ್ತದೆ. ಈ ಪದ್ಧತಿಯನ್ನು ಕಾರುಗಳಿಗೆ ಒಗ್ಗಿಸಿದ ಶ್ರೇಯ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಅವರದು.

8 ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ 12,000 ಕಿಡಿ ಬೇಕು. ಅಂದರೆ ಪಾಯಿಂಟ್ ಸೆಕೆಂಡಿಗೆ 200 ಸಲ ತೆರೆದು ಮುಚ್ಚಬೇಕು! ಹೀಗಾಗಿ ಅದು ಸವೆಯದೇ ವಿಧಿಯಿಲ್ಲ. ಕ್ಯಾಮ್‌ಗೆ ಉಜ್ಜುವ ತುಂಡು ಸವೆದಂತೆ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಕಾರ್ಬುರೇಟರ್ ಬಿಚ್ಚಿಸಿ ಹಣ ಕಳೆಯುತ್ತಾರೆ.

ಎಲೆಕ್ಟ್ರಾನಿಕ್‌ನಲ್ಲಿ ಏನು ಬೇರೆ?

ಇಲ್ಲಿ ಶಾಫ್ಟ್ ತಿರುಗುವುದನ್ನು ಒಂದು ಸೆನ್ಸರ್ ಗುರುತಿಸುತ್ತದೆ, ಕರೆಂಟನ್ನು ಟ್ರಾನ್ಸಿಸ್ಟರ್ ಕಡಿಯುತ್ತದೆ. ಉಜ್ಜುವ, ಸುಡುವ ಭಾಗವಿಲ್ಲ. ಕ್ರೈಸ್ಲರ್ ಕಂಪನಿ 1973ರಲ್ಲಿ, ಜನರಲ್ ಮೋಟರ್ಸ್ 1975ರಲ್ಲಿ ಅಮೆರಿಕದ ತಮ್ಮ ಕಾರುಗಳಿಗೆಲ್ಲ ಇದನ್ನೇ ಅಳವಡಿಸಿದವು. ಅದಕ್ಕಿಂತ ಹಳೆಯ ಗಾಡಿಗಳಿಗೆ, ಇರುವ ಡಿಸ್ಟ್ರಿಬ್ಯೂಟರ್‌ನೊಳಗೇ ಕೂರುವ ಕಿಟ್‌ಗಳು ಸಿಗುತ್ತವೆ.

ನಂಬಿಕೆ 1: ಎಲೆಕ್ಟ್ರಾನಿಕ್ ಹಾಕಿದರೆ ಪವರ್, ಮೈಲೇಜ್ ಎರಡೂ ಏರುತ್ತವೆ

ಅರ್ಧ ಸತ್ಯ. ಸವೆದ ಪಾಯಿಂಟ್ ತೆಗೆದು ಕಿಟ್ ಹಾಕಿದರೆ ವ್ಯತ್ಯಾಸ ಕಾಣುವುದು ಸಹಜ. ಹೊಸ ಪಾಯಿಂಟ್ ಹಾಕಿ ಸರಿಯಾಗಿ ಸೆಟ್ ಮಾಡಿದ್ದರೂ ಬಹುಪಾಲು ಅದೇ ಲಾಭ ಸಿಗುತ್ತಿತ್ತು. ಅತಿ ವೇಗದಲ್ಲಿ ಪಾಯಿಂಟ್ ಕುಪ್ಪಳಿಸುವುದು ನಿಜ, ಆದರೆ ಹೊರೆ ಹೊರುವ ಹಳೆಯ ಟ್ರಕ್ ಆ ವೇಗಕ್ಕೆ ಹೋಗುವುದೇ ಅಪರೂಪ.

ನಂಬಿಕೆ 2: ಪಾಯಿಂಟ್ ಇದ್ದರೆ ದಾರಿಯಲ್ಲೇ ರಿಪೇರಿ ಮಾಡಬಹುದು

ಸ್ಕ್ರೂ ಡ್ರೈವರ್, ಫೀಲರ್ ಗೇಜ್, ಬಿಡಿ ಪಾಯಿಂಟ್ ಮತ್ತು ಕಂಡೆನ್ಸರ್ ಜೊತೆಗಿದ್ದರೆ ಮಾತ್ರ. ಕಂಡೆನ್ಸರ್ ಕೆಟ್ಟರೆ ಪಾಯಿಂಟ್ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಆದರೂ ಒಂದು ಮಾತು ಒಪ್ಪಬೇಕು: ಪಾಯಿಂಟ್ ಸಾಮಾನ್ಯವಾಗಿ ಮಿಸ್ಸಿಂಗ್, ಸ್ಟಾರ್ಟಿಂಗ್ ತೊಂದರೆ ಕೊಟ್ಟು ಮೊದಲೇ ಎಚ್ಚರಿಸುತ್ತದೆ. ಎಲೆಕ್ಟ್ರಾನಿಕ್ ಮಾಡ್ಯೂಲ್ ಕೆಲವೊಮ್ಮೆ ಸೂಚನೆಯಿಲ್ಲದೆ ನಿಂತುಬಿಡುತ್ತದೆ. ಮಳೆಗಾಲದ ರಾತ್ರಿ ಘಾಟಿಯಲ್ಲಿ ಹಾಗಾದರೆ ಗಾಡಿ ಎಳೆಸಿಕೊಂಡೇ ಬರಬೇಕು.

ನಂಬಿಕೆ 3: ಕಿಟ್ ಹಾಕಿದ ಮೇಲೆ ಡಿಸ್ಟ್ರಿಬ್ಯೂಟರ್ ಮುಟ್ಟುವುದೇ ಬೇಡ

ತಪ್ಪು. ಕ್ಯಾಪ್, ರೋಟರ್, ಪ್ಲಗ್ ವೈರ್‌ಗಳು ಹಳೆಯವೇ ಆಗಿದ್ದರೆ ಅವು ಕೆಡುತ್ತವೆ. ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಕಿಟ್ ಅದಕ್ಕೆ ಮದ್ದಲ್ಲ.

ಕಿಟ್ ಕೊಳ್ಳುವ ಮುನ್ನ ನೋಡಿ

- ಗಾಡಿ 6 ವೋಲ್ಟಿನದೋ, 12 ವೋಲ್ಟಿನದೋ? ಬ್ಯಾಟರಿಯ ಯಾವ ತುದಿ ಅರ್ತ್ ಆಗಿದೆ? ಕೆಲವು ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತದೆ. ವೈರ್ ಅದಲು ಬದಲಾದರೆ ಮಾಡ್ಯೂಲ್ ಸುಟ್ಟುಹೋಗಬಹುದು.
- ಕಾಯಿಲ್‌ಗೆ ಹೋಗುವ ದಾರಿಯಲ್ಲಿ ರೆಸಿಸ್ಟರ್ ಅಥವಾ ರೆಸಿಸ್ಟರ್ ವೈರ್ ಇದೆಯೇ? ಅನೇಕ ಕಿಟ್‌ಗಳಿಗೆ ಪೂರ್ತಿ 12 ವೋಲ್ಟ್ ಬೇಕು.
- ಕಾಯಿಲ್‌ನ ಓಮ್ ಬೆಲೆ ಕಿಟ್‌ಗೆ ಹೊಂದುತ್ತದೆಯೇ?
- ತಾಮ್ರದ ತಂತಿಯ ಪ್ಲಗ್ ವೈರ್ ಇದ್ದರೆ ಬದಲಿಸಿ. ಅದರ ವಿದ್ಯುತ್ ಗದ್ದಲ ಮಾಡ್ಯೂಲನ್ನು ಕೆಡಿಸಬಹುದು.
- ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿ ಬಿಡಬೇಡಿ.

ಕೊನೆಗೆ ಯಾವುದು?

ದಿನವೂ ಓಡುವ, ಹೊರೆ ಎಳೆಯುವ ಗಾಡಿಗೆ ಒಳ್ಳೆಯ ಎಲೆಕ್ಟ್ರಾನಿಕ್ ಕಿಟ್ ಅನುಕೂಲ. ಪದೇ ಪದೇ ಗ್ಯಾಪ್ ಹೊಂದಿಸುವ ಕೆಲಸ ತಪ್ಪುತ್ತದೆ. ಅಪರೂಪಕ್ಕೆ ಹೊರಬರುವ, ಮೂಲ ರೂಪದಲ್ಲೇ ಉಳಿಸಬೇಕೆಂದಿರುವ ಗಾಡಿಗೆ ಅಥವಾ ಗ್ಯಾಪ್ ಹಾಕಲು ಬಲ್ಲವರಿಗೆ ಪಾಯಿಂಟ್ ಸಾಕು. ಕಿಟ್ ಹಾಕಿಸಿದರೂ ತೆಗೆದ ಪಾಯಿಂಟ್ ಪ್ಲೇಟ್ ಮತ್ತು ಕಂಡೆನ್ಸರನ್ನು ಎಸೆಯದೆ ಟೂಲ್ ಬಾಕ್ಸಿನಲ್ಲಿಡಿ. ಮಾಡ್ಯೂಲ್ ಕೈಕೊಟ್ಟ ದಿನ ಅವನ್ನೇ ಮರಳಿ ಹಾಕಿ ಮನೆ ಸೇರಬಹುದು.