ಹೊಳೆಗುಂಟ ನಡೆದು ಕಲ್ಲು ಓದಿದವರು: ರಾಬರ್ಟ್ ಬ್ರೂಸ್ ಫೂಟ್



ಮಾಲಗಾಂವದ ಸುತ್ತಮುತ್ತ ಹೊಸ ಬಾವಿ ತೋಡುವುದನ್ನು ನಾವೆಲ್ಲ ನೋಡಿದ್ದೇವೆ. ಮೇಲೆ ಎರೆಮಣ್ಣು, ಅದರ ಕೆಳಗೆ ಮುರುಮ, ಇನ್ನೂ ಕೆಳಗಿಳಿದರೆ ಸುತ್ತಿಗೆಗೂ ಜಗ್ಗದ ಕರಿಕಲ್ಲು. ಇದೇ ನಮ್ಮ ನೆಲ. ಆದರೆ ಮಿರಜದಿಂದ ಬೆಳಗಾವಿ ಕಡೆಗೆ ರೈಲಿನಲ್ಲಿ ಹೋದರೆ, ಕುಡಚಿಯ ಹತ್ತಿರ ಕೃಷ್ಣೆಯನ್ನು ದಾಟಿ, ರಾಯಬಾಗ ಮತ್ತು ಘಟಪ್ರಭಾ ಸ್ಟೇಷನ್ ಕಳೆದು ಗೋಕಾಕದ ಕಡೆ ಬರುವಷ್ಟರಲ್ಲಿ ಗುಡ್ಡಗಳ ರೂಪವೇ ಬದಲಾಗಿರುತ್ತದೆ. ಕರಿಕಲ್ಲು ಹೋಗಿ ಕೆಂಪು, ಕಂದು ಬಣ್ಣದ ಪದರಗಲ್ಲು ಬಂದಿರುತ್ತದೆ. ಕರಿಕಲ್ಲು ಎಲ್ಲಿ ಮುಗಿಯಿತು? ಕೆಂಪುಗಲ್ಲು ಎಲ್ಲಿ ಶುರುವಾಯಿತು? ಎರಡರಲ್ಲಿ ಹಳೆಯದು ಯಾವುದು? ಈ ಪ್ರಶ್ನೆಗಳ ಬೆನ್ನು ಹತ್ತಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹೊಳೆಗಳ ನಾಡನ್ನು ಸುತ್ತಿದ ಒಬ್ಬ ವಿಜ್ಞಾನಿಯ ಕಥೆಯನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇವೆ. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಪಟ್ಟಣದಲ್ಲಿ. 1858ರಲ್ಲಿ, 24ರ ಹರೆಯದಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು. ಆ ಹೊತ್ತಿಗೆ ದಕ್ಷಿಣ ಭಾರತದ ಊರು, ಗುಡ್ಡಗಳ ನಕ್ಷೆ ಬಹಳಷ್ಟು ಸಿದ್ಧವಾಗಿತ್ತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸಂತ ತೋಮಸರ ಗುಡ್ಡದ ಬಳಿ ಆಧಾರರೇಖೆ ಅಳೆದು ದೊಡ್ಡ ಮೋಜಣಿಗೆ ಕೈಹಚ್ಚಿದ್ದರು. ಆದರೆ ಆ ನಕ್ಷೆಗಳು ನೆಲದ ಮೇಲಿನದನ್ನು ತೋರಿಸುತ್ತಿದ್ದವೇ ಹೊರತು ನೆಲದೊಳಗಿನದನ್ನಲ್ಲ. ಕ್ಯಾಪ್ಟನ್ ನ್ಯೂಬೋಲ್ಡ್‌ರಂಥ ಕೆಲವರು ದಾರಿಯುದ್ದಕ್ಕೂ ಕಂಡ ಕಲ್ಲುಗಳ ಬಗ್ಗೆ ಬರೆದಿದ್ದರು. ಒಂದೊಂದು ಹಳ್ಳಕ್ಕೂ ಇಳಿದು, ಕಲ್ಲಿನ ಗಡಿಗಳನ್ನು ನಕ್ಷೆಯ ಮೇಲೆ ಬಿಡದೆ ಗುರುತಿಸುವ ಕೆಲಸ ಇನ್ನೂ ಆಗಬೇಕಿತ್ತು.

ಭೂವಿಜ್ಞಾನಿಗೆ ಹೊಳೆ ಎಂದರೆ ತೆರೆದ ಪುಸ್ತಕ. ಬಯಲಿನಲ್ಲಿ ಮಣ್ಣು ಎಲ್ಲವನ್ನೂ ಮುಚ್ಚಿರುತ್ತದೆ. ಹೊಳೆ, ಹಳ್ಳಗಳು ಮಾತ್ರ ನೆಲವನ್ನು ಕೊರೆದು ಪದರಗಳನ್ನು ಹೊರಗೆ ತೋರಿಸುತ್ತವೆ. ಆದ್ದರಿಂದ ಅವರ ಕೆಲಸವೆಂದರೆ ದಂಡೆಗುಂಟ ನಡೆಯುವುದು, ಸುತ್ತಿಗೆಯಿಂದ ಚೂರು ಒಡೆದು ನೋಡುವುದು, ಪದರ ಯಾವ ದಿಕ್ಕಿಗೆ ಬಾಗಿದೆ ಎಂದು ದಿಕ್ಸೂಚಿಯಿಂದ ಅಳೆಯುವುದು, ನಕ್ಷೆಯ ಮೇಲೆ ಬಣ್ಣದಿಂದ ಗುರುತು ಹಾಕುವುದು. ಇಂದಿನ ಮಿರಜ–ಬೆಳಗಾವಿ ರೈಲು ಮಾರ್ಗ ಆಗ ಇರಲಿಲ್ಲ.

ಈ ದುಡಿಮೆಯ ಫಲ 1876ರಲ್ಲಿ ಇಲಾಖೆಯ ಗ್ರಂಥಮಾಲೆಯಲ್ಲಿ ಬಂತು. ದಕ್ಷಿಣ ಮರಾಠಾ ಸೀಮೆ ಹಾಗೂ ನೆರೆಯ ಜಿಲ್ಲೆಗಳ ಭೂರಚನೆಯನ್ನು ಕುರಿತ ಗ್ರಂಥ ಅದು. ದಕ್ಷಿಣ ಮರಾಠಾ ಸೀಮೆ ಎಂದರೆ ನಮ್ಮದೇ ನಾಡು: ಸಾಂಗಲಿ, ಮಿರಜ, ಜಮಖಂಡಿ, ಮುಧೋಳ ಸಂಸ್ಥಾನಗಳೂ ಬ್ರಿಟಿಷರ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದ ಪ್ರದೇಶ. ಮರಾಠಿ, ಕನ್ನಡ ಎರಡೂ ಇಲ್ಲಿ ಅಂದೂ ಇದ್ದವು, ಇಂದೂ ಇವೆ. ಕಲ್ಲಿಗೆ ಮಾತ್ರ ಯಾವ ಸಂಸ್ಥಾನದ ಗಡಿಯೂ ಇರಲಿಲ್ಲ.

ನಮ್ಮ ಬಾವಿಗಳಲ್ಲಿ ಸಿಗುವ ಕರಿಕಲ್ಲು ದಖ್ಖನಿನ ಲಾವಾ ಶಿಲೆ. ನೆಲ ಬಿರಿದು ಮತ್ತೆ ಮತ್ತೆ ಹರಿದು ಬಂದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿದ್ದರಿಂದ ಇಲ್ಲಿಯ ಗುಡ್ಡಗಳು ಮೆಟ್ಟಿಲು ಕಟ್ಟಿದಂತೆ ಕಾಣುತ್ತವೆ. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಗೋಕಾಕದ ಕಡೆಯ ಕೆಂಪುಗಲ್ಲು ಅದಕ್ಕಿಂತ ಬಹುಪಾಲು ಹಳೆಯದು. ಈ ಗಟ್ಟಿ ಮರಳುಗಲ್ಲು, ಬೆಣಚುಶಿಲೆ, ಸುಣ್ಣದಕಲ್ಲುಗಳ ಸಮೂಹವನ್ನು ಇಂದಿಗೂ ಕಲಾದಗಿ ಶಿಲೆಗಳು ಎಂದೇ ಕರೆಯುತ್ತಾರೆ. ಬಾಗಲಕೋಟೆ ಬಳಿಯ ಪುಟ್ಟ ಊರಿನ ಹೆಸರು ಭೂವಿಜ್ಞಾನದಲ್ಲಿ ನೆಲೆಯಾಗಲು ಫೂಟ್ ಅವರ ಈ ಗ್ರಂಥವೂ ಮುಖ್ಯ ಕಾರಣ. ಘಟಪ್ರಭೆ ಗೋಕಾಕದಲ್ಲಿ ಸುಮಾರು 52 ಮೀಟರ್ ಧುಮುಕುವುದು ಇದೇ ಗಟ್ಟಿ ಕಲ್ಲಿನ ಅಂಚಿನಿಂದ. ಮಲಪ್ರಭೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಸೀಳಿಕೊಂಡು ಹೋಗಿರುವುದೂ ಇದೇ ಕಲ್ಲನ್ನು.

ಹೊಳೆದಂಡೆಯಲ್ಲಿ ಫೂಟ್ ಅವರಿಗೆ ಸಿಕ್ಕಿದ್ದು ಕಲ್ಲಷ್ಟೇ ಅಲ್ಲ. ಗೋಕಾಕ ಸಮೀಪದ ಒಂದು ಹಳ್ಳಿಯ ಬಳಿ, ಹಳೆಯ ಮೆಕ್ಕಲು ಮಣ್ಣಿನಲ್ಲಿ ಘೇಂಡಾಮೃಗದ ಎಲುಬು, ಹಲ್ಲುಗಳು ಸಿಕ್ಕವು. 1874ರಲ್ಲಿ ಅವರು ಅದನ್ನು ವಿವರಿಸಿ ದಖ್ಖನಿನ ಹೆಸರನ್ನೇ ಆ ಪ್ರಾಣಿಗೆ ಕೊಟ್ಟರು. ಈಗ ಘೇಂಡಾಮೃಗ ನೋಡಬೇಕಾದರೆ ನಾವು ಕಾಜಿರಂಗದಂಥ ದೂರದ ಕಾಡುಗಳಿಗೆ ಹೋಗಬೇಕು. ಜೋಳ, ಕಬ್ಬು ಬೆಳೆಯುವ ಈ ನೆಲದಲ್ಲಿ ಒಂದು ಕಾಲಕ್ಕೆ ಆ ಪ್ರಾಣಿಗೆ ಸಾಕಾಗುವಷ್ಟು ಹಸಿರೂ ನೀರೂ ಇದ್ದವು ಎಂಬುದಕ್ಕೆ ಆ ಎಲುಬುಗಳೇ ಸಾಕ್ಷಿ.

ಇದಕ್ಕಿಂತ ದೊಡ್ಡ ಶೋಧ ಮದ್ರಾಸಿನ ಬಳಿ ಮೊದಲೇ ಆಗಿತ್ತು. 1863ರ ಮೇ 30ರಂದು ಪಲ್ಲಾವರದಲ್ಲಿ, ಸಂತ ತೋಮಸರ ಗುಡ್ಡದ ನೆರೆಯಲ್ಲೇ, ಮನುಷ್ಯನ ಕೈಯಿಂದ ಕೆತ್ತಿದ ಒಂದು ಕಲ್ಲಿನ ಆಯುಧ ಅವರಿಗೆ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೊತೆಗಾರ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು. ಭಾರತದ ಹಳೆ ಶಿಲಾಯುಗದ ಅಧ್ಯಯನ ಶುರುವಾದದ್ದು ಅಲ್ಲಿಂದ. ಮುಂದೆ ನಮ್ಮ ಸೀಮೆಯಲ್ಲಿ ತಿರುಗುವಾಗಲೂ ಅವರ ಕಣ್ಣು ಅಂಥ ಕಲ್ಲುಗಳ ಮೇಲಿತ್ತು. ಬಾದಾಮಿ ಕಡೆಯ ಖ್ಯಾಡದಂಥ ಮಲಪ್ರಭೆಯ ದಂಡೆಗಳಲ್ಲಿ ಅವು ಸಿಕ್ಕವು. ಒಡೆದರೆ ಹರಿತವಾದ ಅಂಚು ಕೊಡುವ ಬೆಣಚುಶಿಲೆ ಆ ಕಾಲದವರಿಗೆ ಬಹಳ ಬೇಕಾದ ಕಲ್ಲಾಗಿತ್ತು. ಕಲ್ಲಿನ ನಕ್ಷೆ ಹೀಗೆ ಮನುಷ್ಯರ ನಕ್ಷೆಯೂ ಆಯಿತು.

ಇಲ್ಲಿ ನಮ್ಮ ಯುವಕ ಯುವತಿಯರು ಕೇಳುವ ಒಂದು ಪ್ರಶ್ನೆಗೆ ಬರೋಣ. ಇದೆಲ್ಲ ನಮ್ಮ ನಂಬಿಕೆಗೆ ಎದುರಲ್ಲವೇ? ಫೂಟ್ ಕಾಲದಲ್ಲೂ ಈ ಪ್ರಶ್ನೆ ಬಿಸಿಯಾಗಿತ್ತು. ಆರ್ಚ್‌ಬಿಷಪ್ ಜೇಮ್ಸ್ ಅಷರ್ 17ನೆಯ ಶತಮಾನದಲ್ಲಿ ಲೆಕ್ಕ ಹಾಕಿ, ಲೋಕದ ಸೃಷ್ಟಿ ಕ್ರಿಸ್ತಪೂರ್ವ 4004ರಲ್ಲಿ ಎಂದಿದ್ದರು. ಅನೇಕ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಆ ಇಸವಿ ಅಚ್ಚಾಗುತ್ತಿತ್ತು. ಆದರೆ ಅದು ಒಬ್ಬ ಪಂಡಿತರ ಲೆಕ್ಕ, ಪವಿತ್ರ ಗ್ರಂಥದ ವಚನವಲ್ಲ. ಫೂಟ್ ಅವರ ಮಾವ ಪೀಟರ್ ಪರ್ಸಿವಲ್ ಮಿಷನರಿ. ತಮಿಳು ಬೈಬಲ್ ಅನುವಾದಕ್ಕೆ ದುಡಿದವರು. ಒಂದೇ ಕುಟುಂಬದಲ್ಲಿ ಒಬ್ಬರು ವಚನವನ್ನು, ಇನ್ನೊಬ್ಬರು ಕಲ್ಲನ್ನು ಅಷ್ಟೇ ಶ್ರದ್ಧೆಯಿಂದ ಓದಿದರು. ಸೃಷ್ಟಿಯನ್ನು ಹೆಚ್ಚು ತಿಳಿದುಕೊಂಡಷ್ಟೂ ಸೃಷ್ಟಿಕರ್ತನ ಮುಂದೆ ನಮ್ಮ ಬೆರಗು ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು ಎಂದು ನಾವು ನಂಬುತ್ತೇವೆ.

ಆಗ ಕಲ್ಲಿನ ವಯಸ್ಸನ್ನು ವರ್ಷಗಳಲ್ಲಿ ಅಳೆಯುವ ಉಪಾಯ ಇರಲಿಲ್ಲ. ಯಾವ ಪದರದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದೇ ಆಧಾರ. ಆದ್ದರಿಂದ ಫೂಟ್ ಸಿಕ್ಕ ಜಾಗವನ್ನು ತಪ್ಪದೆ ಬರೆದಿಟ್ಟರು. ಆ ಬರಹದಿಂದಲೇ ನಂತರದವರು ಅದೇ ಜಾಗಗಳಿಗೆ ಮರಳಿ ಹೋಗಲು ಸಾಧ್ಯವಾಯಿತು. 2011ರಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ಅತ್ತಿರಂಪಾಕ್ಕಂನ ಆಯುಧಗಳ ವಯಸ್ಸು ಸುಮಾರು 15 ಲಕ್ಷ ವರ್ಷ ಎಂದು ಪ್ರಕಟಿಸಿದರು.

ಹೊಳೆಯ ನಕ್ಷೆ ನಮಗೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಈಗಿನ ಹರಿವಿನಿಂದ ದೂರದಲ್ಲಿ, ಎತ್ತರದಲ್ಲಿ ನುಣುಪಾದ ಗುಂಡುಕಲ್ಲುಗಳ ಪದರ ಸಿಕ್ಕರೆ, ಹೊಳೆ ಒಮ್ಮೆ ಅಲ್ಲಿಯೂ ಹರಿದಿತ್ತು ಎಂದು ಅರ್ಥ. ದಂಡೆಯ ಆಚೀಚೆಯ ಮೆಕ್ಕಲು ಹೊಲವೆಲ್ಲ ಹೊಳೆಯೇ ಹಾಸಿದ್ದು. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಸಾಂಗಲಿಯ ಓಣಿಗಳಿಗೆ ನುಗ್ಗಿದ್ದನ್ನು ನಾವು ಮರೆತಿಲ್ಲ. ಹೊಳೆ ಹಾಸಿದ ನೆಲ ಯಾವುದು ಎಂದು ತಿಳಿದು ಮನೆ ಕಟ್ಟುವುದು ಜಾಣತನ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫೂಟ್ 1891ರಲ್ಲಿ ನಿವೃತ್ತರಾದ ಮೇಲೂ ಬರೋಡ, ಮೈಸೂರು ಸಂಸ್ಥಾನಗಳಿಗಾಗಿ ದುಡಿದರು. ಅವರ ಸಂಗ್ರಹ 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. 1912ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ ತೀರಿಕೊಂಡರು. ಅವರು ನೆಲೆಸಿದ್ದ ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಹಳ್ಳದ ದಂಡೆಯ ಗರಸನ್ನು ಇಂದು ಲಾರಿಗಟ್ಟಲೆ ರಸ್ತೆಗೆ, ಕಟ್ಟಡಕ್ಕೆ ಸಾಗಿಸುತ್ತಾರೆ. ಅದರೊಂದಿಗೆ ಯಾರೂ ಓದದ ಪುಟಗಳೂ ಹೋಗುತ್ತವೆ. ಆದ್ದರಿಂದ ಯುವಮಿತ್ರರೇ, ರಜೆಯಲ್ಲಿ ಹೊಳೆಯ ಕಡೆ ಹೋದಾಗ ಕೆತ್ತಿದಂತೆ ಕಾಣುವ ಕಲ್ಲೋ ಹಳೆಯ ಎಲುಬೋ ಕಂಡರೆ ಕಿತ್ತು ಮನೆಗೆ ತರಬೇಡಿ. ಇದ್ದಲ್ಲೇ ಫೋಟೋ ತೆಗೆಯಿರಿ, ಜಾಗವನ್ನೂ ದಿನಾಂಕವನ್ನೂ ಬರೆದಿಡಿ, ನಿಮ್ಮ ಇತಿಹಾಸದ ಮಾಸ್ತರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಫೂಟ್ ಮಾಡಿದ್ದೂ ಇಷ್ಟೇ: ಕಣ್ಣು ತೆರೆದು ನಡೆದರು, ಕಂಡದ್ದನ್ನು ಕಂಡ ಹಾಗೆಯೇ ಬರೆದಿಟ್ಟರು.